ಚೆಂಡಿಗೆ ಕೂಗುವ ಮಾತು

೧೯೬೮ರ ಬೇಸಿಗೆ. ಇಂಗ್ಲಿಷರೂ ಫ್ರೆಂಚರೂ ಬೆರೆತಿದ್ದ ಮಾಂಕ್ಟನ್ ಊರಿನ ಹುಡುಗಿಯರ ಸಾಫ್ಟ್‌ಬಾಲ್ ತಂಡದಲ್ಲಿ ಫ್ರೆಂಚ್ ಮನೆಗಳಿಂದ ಬಂದವರು ಇಬ್ಬರೇ: ಹನ್ನೆರಡರ ಲಿಯೊನಿ ಗೋತ್ರೊ ಮತ್ತು ಅವಳ ಚಿಕ್ಕಪ್ಪನ ಮಗಳು ರೋಸಾನ್. ತರಬೇತುದಾರ ಮ್ಯಾಕಿ ಮೊದಲ ದಿನವೇ ಹೇಳಿಬಿಟ್ಟಿದ್ದ: "ಮೈದಾನದಲ್ಲಿ ಇಂಗ್ಲಿಷ್ ಮಾತ್ರ. ನಿಮ್ಮ ಭಾಷೆ ನಿಮ್ಮ ಅಡುಗೆಮನೇಲಿ ಇಟ್ಕೊಳ್ಳಿ."

ಒಂದು ಪಂದ್ಯದಲ್ಲಿ ಚೆಂಡು ಅವರಿಬ್ಬರ ನಡುವೆ ಎತ್ತರಕ್ಕೆ ಹಾರಿತು. ಹಿಡಿಯುವವಳು ಕೂಗಬೇಕು, ಇನ್ನೊಬ್ಬಳು ನಿಲ್ಲಬೇಕು. ರೋಸಾನ್ ಬಾಯಿ ತೆರೆದಳು. ಇಂಗ್ಲಿಷ್ ಪದ ನೆನಪಾಗಲಿಲ್ಲ, ಫ್ರೆಂಚ್ ಪದ ಆಡಲು ಹೆದರಿಕೆ. ಇಬ್ಬರೂ ಡಿಕ್ಕಿ ಹೊಡೆದು ಉರುಳಿದರು. ಲಿಯೊನಿಯ ತುಟಿ ಒಡೆಯಿತು.

"ಬಾಯಲ್ಲಿ ಏನಿಟ್ಕೊಂಡಿದ್ರಿ?" ಎಂದ ಮ್ಯಾಕಿ.

"ಅವಳ ಬಾಯಿ ಕಟ್ಟಿದ್ದು ನೀವು, ಸರ್," ಎಂದಳು ಲಿಯೊನಿ ರಕ್ತ ಉಗುಳಿ.

ಮುಂದಿನ ಚೆಂಡು ಬಂದಾಗ ಅವಳು "ನಂದು" ಎಂದು ಫ್ರೆಂಚಿನಲ್ಲೇ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು, ಹಿಡಿದಳು. ಮ್ಯಾಕಿ ಬೆರಳು ಮಡಿಸಿ ಹೊರಗೆ ಕರೆದ. ಲಿಯೊನಿ ತಂಡದ ಟೋಪಿಯನ್ನು ಬೆಂಚಿನ ಮೇಲಿಟ್ಟು ಮನೆಗೆ ನಡೆದಳು. ರೋಸಾನ್ ನೆಲ ನೋಡುತ್ತ ಅಲ್ಲೇ ಉಳಿದಳು.

ರೈಲ್ವೆ ಕಾರ್ಖಾನೆಯಿಂದ ಬಂದ ಅಪ್ಪ ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ಹಂದಿಮಾಂಸ ತುಂಬಿದ ಆಲೂಗಡ್ಡೆ ಉಂಡೆ.

"ಒಂದು ಪದಕ್ಕೆ ಇಷ್ಟು ಹಟವೇನೇ? ದಿನವೆಲ್ಲ ನಾನೂ ಇಂಗ್ಲಿಷಲ್ಲೇ ಹೂಂಗುಡ್ತೀನಿ. ನಾನೇನು ಸವೆದು ಹೋದ್ನಾ?"

"ಹೂಂ ಅಪ್ಪ, ಸವೆದಿದ್ದೀಯ. ಮನೆಗೆ ಬಂದ್ಮೇಲೂ ನೀನು ಮಾತಾಡಲ್ಲ."

ಅಮ್ಮ ಇನ್ನೊಂದು ಉಂಡೆ ಬಡಿಸಿದಳು. ಅಪ್ಪ ಉಂಡೆ ಮುಗಿಸಿದ, ಬಾಯಿ ಒರೆಸಿಕೊಂಡ. "ಚರ್ಚಿನ ಹಿಂದೆ ಹುಲ್ಲು ಸೊಂಟದವರೆಗೆ ಬೆಳೆದಿದೆ. ಕೊಯ್ದ್ರೆ ಆಡೋಕೆ ಜಾಗವಾಗುತ್ತೆ," ಎಂದು ಕುಡುಗೋಲು ಹುಡುಕಲು ಎದ್ದ.

ಲಿಯೊನಿ ಫ್ರೆಂಚರ ಮನೆಮನೆಗೆ ಹೋಗಿ ತಮ್ಮದೇ ತಂಡಕ್ಕೆ ಬರ್ತೀರಾ ಎಂದು ಹುಡುಗಿಯರನ್ನು ಕೇಳಿದಳು. ಪಕ್ಕದ ಮನೆಯ ಝೆಲಿಯಾ ಅತ್ತೆ ನಕ್ಕಳು. "ಹೆಣ್ಮಕ್ಕಳು ಕೋಲು ಹಿಡಿದು ಏನು ಉದ್ಧಾರ ಮಾಡ್ತೀರೇ?"

"ಮೊದಲು ಹಿಡಿಯೋದು ಕಲೀತೀವಿ ಅತ್ತೆ. ನಿಮ್ಮ ಮಗಳನ್ನ ಕಳಿಸಿ."

ಕಳಿಸಿದಳು.

ಮರುವರ್ಷ ಅವರು ಮ್ಯಾಕಿಯ ತಂಡದ ಎದುರು ಆಡಿ ಹೀನಾಯವಾಗಿ ಸೋತರು. ಗಂಟಲು ಮಾತ್ರ ಎಲ್ಲರದೂ ಕಟ್ಟಿಹೋಗಿತ್ತು, ಅಷ್ಟು ಕೂಗಿದ್ದರು. ಲಿಯೊನಿ ಬ್ಯಾಟುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ಗೆದ್ದ ತಂಡದಿಂದ ರೋಸಾನ್ ಮೈದಾನ ದಾಟಿ ಬಂದಳು. ಮ್ಯಾಕಿ ನೋಡುತ್ತಿದ್ದ. ಅವಳು ಫ್ರೆಂಚಿನಲ್ಲೇ ಕೇಳಿದಳು:

"ನಾಳೆ ಯಾವಾಗ ಸೇರ್ತೀರಿ?"

"ಊಟ ಆದ್ಮೇಲೆ. ಗ್ಲೌಸ್ ಮರೀಬೇಡ," ಎಂದಳು ಲಿಯೊನಿ.