ಒಳಲೆಯಲ್ಲಿ ಬಿಟ್ಟ ನೀರು

ನಾನು ಒಂದು ಬೆಳ್ಳಿಯ ಒಳಲೆ. ಕೂಸುಗಳಿಗೆ ಹಾಲು ಕುಡಿಸುವ, ಉದ್ದ ಮೂತಿಯ ಪುಟ್ಟ ಪಾತ್ರೆ. ನಾಗಮಂಗಲದ ಅಕ್ಕಸಾಲಿಯೊಬ್ಬ ನನ್ನನ್ನು ಬಡಿದು ತಿದ್ದಿ, ಮೂತಿಯ ಅಂಚನ್ನು ತನ್ನ ತುಟಿಗೇ ಒತ್ತಿ ನೋಡಿ, ಚುಚ್ಚುವುದಿಲ್ಲವೆಂದು ಖಾತ್ರಿಯಾದ ಮೇಲೆ ಕೊಟ್ಟ. ಚಿಕ್ಕತಾಯಮ್ಮ ಚೊಚ್ಚಲ ಬಾಣಂತನ ಮುಗಿಸಿ ತವರಿನಿಂದ ಮದ್ದೂರಿಗೆ ಬರುವಾಗ ಕೂಸಿನೊಡನೆ ನಾನೂ ಬಂದೆ. ಆ ಕೂಸು ಕೆಂಪರಾಜು. ಬಹಳ ವರ್ಷಗಳ ಮೇಲೆ ಇಂದ್ರಾಣಿ ಹುಟ್ಟಿದಳು. ಇಬ್ಬರೂ ನನ್ನ ಮೂತಿಯನ್ನೇ ಚೀಪಿದವರು.

ಆಮೇಲೆ ಪೆಟ್ಟಿಗೆಯಲ್ಲಿ ಹಳೇ ಸೀರೆಗಳ ನಡುವೆ ಮಲಗಿದ್ದೆ. ಚಿಕ್ಕತಾಯಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ ಇಂದ್ರಾಣಿ ನನ್ನನ್ನು ಹುಡುಕಿ ತೆಗೆದಳು. ಲೋಟದಲ್ಲಿ ಕುಡಿಸಿದರೆ ಅವ್ವನಿಗೆ ನೆತ್ತಿಗೆ ಹತ್ತುತ್ತಿತ್ತು. ಇಂದ್ರಾಣಿ ದಿಂಬು ಕೊಟ್ಟು ಕೂರಿಸಿ, ಮುಖವನ್ನು ಎಡಕ್ಕೆ ವಾಲಿಸಿ, ಎಡಗೆನ್ನೆಯೊಳಗೆ ನನ್ನ ಮೂತಿಯಿಟ್ಟು ಒಂದೊಂದೇ ಗುಟುಕು ಬಿಡುತ್ತಿದ್ದಳು. ಗಂಟಲು ಆಡಿದ್ದನ್ನು ಕಂಡ ಮೇಲೆಯೇ ಮುಂದಿನ ಗುಟುಕು.

“ನೀ ನಂಗೆ ಅವ್ವ ಆದೆ ಕಣೆ,” ಎಂದು ಅವ್ವ ತೊದಲುವಳು.

“ಹಂಗಾದ್ರೆ ಅಳ್ದೆ ಕುಡಿ, ಮಗ.”

ಮಂಡ್ಯದಿಂದ ಹಬ್ಬಕ್ಕೆ ಬರುವ ಕೆಂಪರಾಜು ಹೊಸ್ತಿಲಲ್ಲೇ ನಿಂತು, “ಚೆನ್ನಾಗ್ ನೋಡ್ಕೊ. ನಿಂಗೇನು, ಇಸ್ಕೂಲಾ, ಕೆಲ್ಸಾನಾ?” ಎನ್ನುತ್ತಿದ್ದ. ಇಸ್ಕೂಲು ಬಿಡಿಸಿದವನೂ ಅವನೇ.

ಒಂದು ಚಳಿಗಾಲ ಅವ್ವನ ಎದೆಯಲ್ಲಿ ಕಫ ಕಟ್ಟಿ ಗೊರಗೊರ ಸದ್ದು ಶುರುವಾಯಿತು. ಪಕ್ಕದ ಮನೆಯ ಕಾಳಮ್ಮ ಬಂದು ನೋಡಿ, “ಜೀವ ಎಳೀತಾ ಅದೆ. ಮಗನ ಕೈ ನೀರಿಗೆ ಕಾಯ್ತಾವ್ಳೆ,” ಎಂದಳು. ಕೆಂಪರಾಜುವನ್ನು ಕರೆಸಿದರು. ಅವನ ಹಿಂದೆ ಕೇರಿಯೇ ಬಂತು. ನನ್ನಲ್ಲಿ ತುಳಸಿ ನೀರು ತುಂಬಿದರು.

“ಕಫ ಅಷ್ಟೇ ಅಣ್ಣ. ಬೆಳಿಗ್ಗೆ ಗಂಜಿ ಕುಡುದವ್ಳೆ. ಎತ್ತಿ ಕೂರ್ಸಾದ್ರೂ ಬಿಡು...” ಇಂದ್ರಾಣಿಯ ದನಿ ಜನರ ಬೆನ್ನು ದಾಟಲಿಲ್ಲ.

“ಸುಮ್ನಿರಮ್ಮಿ! ನೀರು ಬಿಡೋದು ಮಗನ ಕೆಲ್ಸ,” ಎಂದು ಕಾಳಮ್ಮ ಅವಳನ್ನು ಹಿಂದಕ್ಕೆ ಸರಿಸಿದಳು.

ಅಂಗಾತ ಮಲಗಿದ್ದ ಅವ್ವನ ಬಾಯಿಗೆ ಕೆಂಪರಾಜು ನನ್ನನ್ನು ಪೂರ್ತಿ ಬಗ್ಗಿಸಿದ. ನೀರನ್ನು ಹಿಡಿದಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಸುರಿಯುವುದಕ್ಕೆಂದೇ ಹುಟ್ಟಿದ ಜನ್ಮ ನನ್ನದು. ಗಂಟಲು ಆಡಲಿಲ್ಲ. ಕಣ್ಣು ಮಾತ್ರ ಇಂದ್ರಾಣಿಯನ್ನು ಹುಡುಕಿತು.

“ಪುಣ್ಯವಂತೆ! ಮಗನ ಕೈ ನೀರು ಕುಡ್ದೇ ಹೋದ್ಲು,” ಎಂದಳು ಕಾಳಮ್ಮ.

ಕೆಂಪರಾಜು ಬಿಕ್ಕಿ ಬಿಕ್ಕಿ ಅತ್ತ. ನಿಜವಾಗಿಯೂ ಅತ್ತ.

ಸಾವಿನ ಬಾಯಿಗಿಟ್ಟ ಒಳಲೆ ತನ್ನ ಮಕ್ಕಳಿಗೆ ಬೇಡವೆಂದಳು ಅವನ ಹೆಂಡತಿ. “ನೀನೇ ಮಡೀಕೊ ಇಂದ್ರ,” ಎಂದ ಅಣ್ಣ, ದೊಡ್ಡ ಮನಸ್ಸು ಮಾಡಿ.

ಈಗ ಅಡುಗೆಮನೆಯ ಗೂಡಿನಲ್ಲಿ ಕಪ್ಪಾಗುತ್ತಿದ್ದೇನೆ. ಇಂದ್ರಾಣಿ ನನ್ನನ್ನು ಉಜ್ಜುವುದೂ ಇಲ್ಲ, ಬಿಸಾಡುವುದೂ ಇಲ್ಲ. ಅವ್ವನ ತಿಥಿಗೆ ಬಂದ ಅಣ್ಣ ಊಟದ ನಡುವೆ ನೀರು ಕೇಳುತ್ತಾನೆ. ಅವಳು ಲೋಟ ಕೊಟ್ಟು, ಅವನ ಗಂಟಲು ಆಡುವುದನ್ನೇ ನೋಡುತ್ತಾ ನಿಲ್ಲುತ್ತಾಳೆ.