ಮೂರನೇ ತೂತು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಶೆಡ್ಡಿನ ಜೊತೆಗಾರ ರಾಯಪ್ಪನ್ ಸತ್ತವನ ಬಲಗೈ ಹೆಬ್ಬೆರಳನ್ನು ಉಜ್ಜುತ್ತಲೇ ಇದ್ದ. ಉಗುರಿನ ಸಂದಿಯಲ್ಲಿ ಕೂತಿದ್ದ ಬೀಡುಕಬ್ಬಿಣದ ಕಪ್ಪು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

"ಸಾಕು ಬಿಡಣ್ಣ," ಅಂದಳು ಗಂಡನ ತಲೆದೆಸೆಯಲ್ಲಿ ಕೂತಿದ್ದ ಪೂವಾತ್ತಾ. "ಮದುವೆ ದಿನಾನೂ ಹಂಗೇ ಇತ್ತು ಆ ಕೈ. ತಾಳಿ ಕಟ್ಟಿದ್ದಕ್ಕೆ ನನ್ನ ಕುತ್ತಿಗೆಯೆಲ್ಲ ಮಸಿ."

"ನಾಲ್ಕು ಜನ ನೋಡ್ತಾರಲ್ಲಮ್ಮ."

"ಇಷ್ಟು ದಿನ ನೋಡದವರು ಇವತ್ತೇನು ನೋಡ್ತಾರೆ."

ಸಿಂಗಾನಲ್ಲೂರಿನ ಆ ಓಣಿಯಲ್ಲಿ ಮಯಿಲ್‌ಸಾಮಿ ಅಂದರೆ ಯಾರಿಗೂ ತಿಳಿಯದು. ತೂತು ಮಯಿಲು ಅಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಿದ್ದರು. ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್‌ಗಳ ಸಿಲಿಂಡರಿನ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡುವ ತೂತುಗಳಿರುತ್ತವೆ. ಅವನ್ನು ಅರದಿಂದ ಕೂದಲೆಳೆಯಷ್ಟು ಎತ್ತರಿಸಿ, ಅಗಲಿಸಿ, ಬಡಕಲು ಗಾಡಿಯನ್ನೂ ಹುಚ್ಚು ಹಿಡಿದಂತೆ ಓಡಿಸುವುದು ಅವನ ಕೆಲಸ. ತೂತು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದೇ ಮುಖ್ಯ ಅನ್ನುತ್ತಿದ್ದ. ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅದಕ್ಕೇ ಕಣ್ಣನ್ನು ನಂಬದೆ ಹೆಬ್ಬೆರಳು ತೂರಿಸಿ ನೋಡುತ್ತಿದ್ದ. ಈಗ ಅಂಥ ಗಾಡಿಗಳೂ ಕಡಿಮೆ, ಹುಚ್ಚರೂ ಕಡಿಮೆ. ಅಂಗಳದಲ್ಲಿ ನಿಂತಿದ್ದವರು ಒಂದಷ್ಟು ಮುದಿ ಮೆಕ್ಯಾನಿಕ್‌ಗಳು, ಅಷ್ಟೇ.

ಪೂವಾತ್ತಾ ಬೆಳಗಿನಿಂದ ಬಾಗಿಲನ್ನೇ ನೋಡುತ್ತಿದ್ದಳು. ಗಡಿಗೆ ಹೊರಬೇಕಾದ ಮಗ ದಂಡಪಾಣಿ ತಿರುಪ್ಪೂರಿನಲ್ಲಿದ್ದ. ಅಪ್ಪನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವನು ಬಾರದಿದ್ದರೆ ಮೈದುನನ ಮಗ ಹೊರಲಿ ಎಂದು ಹಿರಿಯರು ಆಗಲೇ ತೀರ್ಮಾನಿಸಿದ್ದರು.

"ಅವನೇ ಹೊರಬೇಕು," ಅಂದಳು ಪೂವಾತ್ತಾ. "ಬದುಕಿದ್ದಾಗ ಅಪ್ಪಾ ಅನ್ನಲಿಲ್ಲ. ಹೋಗುವಾಗಲಾದ್ರೂ ಹೆಗಲು ಕೊಡಲಿ. ಇಲ್ದಿದ್ರೆ ಈ ಮನುಷ್ಯ ಇಲ್ಲಿಂದ ಕದಲಲ್ಲ, ನೋಡ್ತಿರಿ."

*

ಮದರಾಸಿನಾಚೆ, ವಿಮಾನ ಇಳಿಯುವುದು ನಿಂತುಹೋದ ಹಳೆಯ ಮೈದಾನದಲ್ಲಿ, ಅಪ್ಪ ಮಗ ಮಾತು ಬಿಟ್ಟ ವರ್ಷದ ಮೋಟಾರ್‌ಸೈಕಲ್ ಓಟ. ಅಭ್ಯಾಸದಲ್ಲಿ ದಂಡಪಾಣಿ ಹಿಂದೆ ಬಿದ್ದಿದ್ದ.

"ಇನ್ನೊಂಚೂರು ಎತ್ತರಿಸಪ್ಪ. ನೇರ ದಾರೀಲಿ ಎಲ್ಲಾ ನನ್ನ ದಾಟ್ಕೊಂಡು ಹೋಗ್ತಾರೆ."

"ಇದರ ಮೇಲೆ ಹೋದ್ರೆ ಪಿಸ್ಟನ್ ಉಂಗುರ ತೂತಿನ ಅಂಚಿಗೆ ಸಿಕ್ಕೊಳ್ಳುತ್ತೆ, ಕಂದಾ."

"ಅಂಚು ನುಣ್ಣಗೆ ಮಾಡು, ಸಿಕ್ಕಲ್ಲ. ನೀನೇ ತಾನೆ ಹೇಳಿಕೊಟ್ಟಿದ್ದು."

ಮಯಿಲ್‌ಸಾಮಿ ಬೇವಿನ ಮರದ ನೆರಳಲ್ಲಿ ಕೂತು ಉಜ್ಜಿದ. ಎತ್ತರ ಸರಿಯಾಗಿಯೇ ಬಂತು. ಹೆಬ್ಬೆರಳಿಟ್ಟು ನೋಡಿದರೆ ಮೇಲಂಚು ಮಾತ್ರ ಇನ್ನೂ ತರಿತರಿ. ಎಮರಿ ಕಾಗದಕ್ಕೆ ಕೈ ಹಾಕಿದ.

"ಜೋಡಿಸೋಕೇ ಹೊತ್ತು ಸಾಲಲ್ಲ, ಕೊಡಪ್ಪ ಸಾಕು," ಅಂದ ಮಗ ಸಿಲಿಂಡರನ್ನು ಕಿತ್ತುಕೊಂಡ.

ತಡಿ ಅನ್ನಬಹುದಿತ್ತು. ಮಗ ಗೆಲ್ಲುವುದನ್ನು ನೋಡುವ ಆಸೆ ಅವನಿಗೂ ಇತ್ತು. ಅನ್ನಲಿಲ್ಲ.

ಓಟದ ನಡುವೆ ಉಂಗುರ ಅಂಚಿಗೆ ಸಿಕ್ಕಿ ಮುರಿಯಿತು. ಎಂಜಿನ್ ಹಿಡಿದುಕೊಂಡು ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತಿತು. ದಂಡಪಾಣಿಯ ಬಲಮಂಡಿ ಅಂದಿನಿಂದ ಮಡಚಲಿಲ್ಲ. ಆಸ್ಪತ್ರೆಗೆ ಅಪ್ಪ ಬಂದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕಿತ್ತುಕೊಂಡದ್ದು ತಪ್ಪೋ, ಬಿಟ್ಟುಕೊಟ್ಟದ್ದು ತಪ್ಪೋ, ಇಬ್ಬರೂ ಆ ಬಗ್ಗೆ ಬಾಯಿ ಬಿಡಲಿಲ್ಲ. ಆಮೇಲೆ ಬೇರೆ ಯಾವ ಮಾತೂ ಹೊರಡಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ದಂಡಪಾಣಿ ಕಾಲೆಳೆಯುತ್ತ ಬಂದ. ರಾಯಪ್ಪನ್ ಅವನನ್ನು ಪಕ್ಕದ ಶೆಡ್ಡಿಗೆ ಕರೆದೊಯ್ದು ಮೇಜಿನ ಕೆಳಗಿನಿಂದ ಒಂದು ಸಿಲಿಂಡರ್ ತೆಗೆದ.

"ಗುರುತು ಸಿಕ್ತಾ? ನಿಂದೇ, ಆ ಓಟದ್ದು. ದಿನಾ ಇದನ್ನ ಹಿಡ್ಕೊಂಡು ಕೂರೋನು. ಅಂಚು ನುಣ್ಣಗಾಯ್ತಾ ನೋಡು ರಾಯಪ್ಪಾ ಅನ್ನೋನು. ಆಗಿದೆ ಬಿಡಯ್ಯಾ ಅಂದ್ರೆ, ಇಲ್ಲ ಇನ್ನೊಂಚೂರು ಅನ್ನೋನು."

ದಂಡಪಾಣಿ ಹೆಬ್ಬೆರಳು ತೂರಿಸಿದ. ಅಂಚು ಬೆಣ್ಣೆ ಸವರಿದ ಹಾಗಿತ್ತು. ಉಜ್ಜಿ ಉಜ್ಜಿ ತೂತು ಎರಡು ಬೆರಳು ಹಿಡಿಸುವಷ್ಟಾಗಿತ್ತು.

"ಇನ್ನು ಇದು ಯಾವ ಗಾಡಿಗೂ ಆಗಲ್ಲ, ಮಾವ."

"ಆಗಲ್ಲ. ಅವನಿಗೂ ಗೊತ್ತಿತ್ತು."

"ನನ್ನ ಬಗ್ಗೆ ಏನಾದ್ರೂ ಅಂದಿದ್ರಾ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ರಾಯಪ್ಪನ್‌ಗೆ ಅಷ್ಟು ಜಾಣತನ ಇರಲಿಲ್ಲ. "ನಿನ್ನ ಹೆಸರೆತ್ತಿದ್ರೆ ಎದ್ದು ಹೊರಗೆ ಹೋಗೋನು ಕಣೋ," ಅಂದುಬಿಟ್ಟ.

ಓಣಿಯ ತಿರುವಿನವರೆಗೆ ಹೆಂಗಸರು ಬಂದು ನಿಂತರು. ಪೂವಾತ್ತಾ ಮಗನ ತೋಳು ಹಿಡಿದಳು. "ಮೂರು ಸುತ್ತು, ಕಂದಾ. ಕಾಲು ನೋವು ಅಂತ ನಿಂತುಬಿಡಬೇಡ. ಗಡಿಗೆ ಒಡೆದ ಸದ್ದು ಕೇಳಿದ್ರೇನೇ ಹೋದವರಿಗೆ ಎಲ್ಲಾ ಮುಗೀತು ಅಂತ ಗೊತ್ತಾಗೋದು. ಜೋರಾಗಿ ಎಸೀಬೇಕು."

"ಹೂಂ," ಅಂದ ದಂಡಪಾಣಿ.

ನೊಯ್ಯಲ್ ಹೊಳೆಯ ದಡದ ಸುಡುಗಾಡಿನಲ್ಲಿ ಚಿತೆ ಸಿದ್ಧವಾಗಿತ್ತು. ನೀರು ತುಂಬಿದ ಮಣ್ಣಿನ ಗಡಿಗೆಯನ್ನು ಎಡಹೆಗಲ ಮೇಲೆ ಹೊತ್ತು, ಬಲಗೈಯಲ್ಲಿ ಕೊಳ್ಳಿ ಹಿಡಿದು ದಂಡಪಾಣಿ ಚಿತೆ ಸುತ್ತಲು ಹೊರಟ. ಸುತ್ತಿಗೊಂದರಂತೆ ಗಡಿಗೆಗೆ ಕತ್ತಿಯ ತುದಿಯಿಂದ ತೂತು ಮಾಡುವವನು ಕ್ಷೌರಿಕ ಮಾರುದನ್. ವಯಸ್ಸಾಗಿ ಅವನ ಕಣ್ಣು ಮಂಜಾಗಿತ್ತು. ಮೊದಲ ತೂತು ಮೇಲೆ ಬೀಳಬೇಕು. ಆಗ ಮೂರು ಸುತ್ತಿಗೂ ನೀರು ಉಳಿಯುತ್ತದೆ. ಅವನ ಏಟು ಗಡಿಗೆಯ ಬುಡಕ್ಕೇ ಬಿತ್ತು.

"ಎತ್ತರ ತಪ್ಪಿತಲ್ಲಪ್ಪ," ಅಂದ ಒಬ್ಬ ಮೆಕ್ಯಾನಿಕ್ ಮೆಲ್ಲಗೆ. ಪಕ್ಕದವನು ಸುಮ್ಮನಿರುವಂತೆ ಅವನ ಕೈ ಒತ್ತಿದ.

ನೀರು ದಂಡಪಾಣಿಯ ಬೆನ್ನ ಮೇಲಿಂದ ಇಳಿದು ಧೂಳಿಗೆ ಹರಿಯಿತು. ಮಡಚದ ಕಾಲಿನಲ್ಲಿ ಅವನು ಬೇಗ ನಡೆಯಲಾರ. ಎಡಗೈ ಹೆಬ್ಬೆರಳನ್ನು ಚಾಚಿ ತೂತನ್ನು ಮುಚ್ಚಲು ನೋಡಿದ. ಒಡಕು ಅಂಚು ಚರ್ಮಕ್ಕೆ ಚುಚ್ಚಿತು. ಬೆರಳನ್ನು ಅಲ್ಲೇ ಒತ್ತಿಟ್ಟುಕೊಂಡು ಹೆಜ್ಜೆ ಹಾಕಿದ. ಆದರೂ ನೀರು ನಿಲ್ಲಲಿಲ್ಲ. ಎರಡನೇ ತೂತಿನಿಂದ ಒಂದೆಳೆ ಬಂದು ಅದೂ ಬತ್ತಿತು. ಮೂರನೇ ಸುತ್ತಿನಲ್ಲಿ ಮಾರುದನ್ ಕತ್ತಿಯ ತುದಿ ತಾಗಿಸಿದಾಗ ಒಂದು ಚೂರು ಮಣ್ಣು ಉದುರಿತು, ಅಷ್ಟೇ.

"ಇಲ್ಲಿ ನಿಲ್ಲು," ಅಂದ ಮಾರುದನ್. "ಗಡಿಗೆ ಹಿಂದಕ್ಕೆ ಎಸಿ. ತಿರುಗಿ ನೋಡಬೇಡ. ಒಡೆದ ಮೇಲೆ ಹಾಗೇ ಬೆನ್ನ ಹಿಂದಕ್ಕೆ ಕೊಳ್ಳಿ ಇಡು."

ದಂಡಪಾಣಿ ಇದ್ದ ಬಲವನ್ನೆಲ್ಲ ಹಾಕಿ ಎಸೆದ. ಹಗುರಾಗಿದ್ದ ಗಡಿಗೆ ಯಾವುದೋ ಹಳೆಯ ಚಿತೆಯ ಬೂದಿಗುಡ್ಡೆಯ ಮೇಲೆ ಬಿದ್ದು, ಉರುಳಿ, ಒಡೆಯದೆ ಹುಲ್ಲಿನಲ್ಲಿ ನಿಂತಿತು. ಕೊಳ್ಳಿ ಹಿಡಿದ ಕೈಯನ್ನು ಬೆನ್ನ ಹಿಂದೆ ಚಿತೆಯ ಕಡೆಗೆ ಚಾಚಿ, ಎದುರಿನ ಹೊಳೆಯನ್ನೇ ನೋಡುತ್ತ, ಅವನು ಒಡೆಯುವ ಸದ್ದಿಗಾಗಿ ಕಾಯುತ್ತ ನಿಂತ.