ಕುಬ್ಲೈಖಾನನ ಬಡಗಿಗಳು

ಹರಿಣಾಕ್ಷಿ ಗಂಡನ ಶವಪೆಟ್ಟಿಗೆಗೆ ಗೆಣ್ಣಿನಿಂದ ಮೂರನೇ ಸಲ ಕುಟ್ಟಿ ಕಿವಿಗೊಟ್ಟಳು. ಜೀವಮಾನವಿಡೀ ಬಾಯಿ ಮುಚ್ಚದ ಅಂಗಾರ ಒಳಗೆ ತೆಪ್ಪಗಿದ್ದ. ಅವಸರದಲ್ಲಿ ಮಾಡಿದ ಪೆಟ್ಟಿಗೆಯ ಮೂಲೆ ಮಾತ್ರ ಗಡಗಡ ಎಂದಿತು. ಆ ಸದ್ದು ಒಮಾನಿನ ಕರಾವಳಿಯುದ್ದಕ್ಕೂ, ಬರ್ಕಾದಿಂದ ಸಹಮ್‌ವರೆಗೆ ಕೇಳಿಸಿತು ಎಂದರೆ ಕಡಿಮೆಯೇ.

"ಇದು ಹೀಗೆ ಹೋಗ್ಲಿಕ್ಕಿಲ್ಲ," ಎಂದಳು.

"ಅಮ್ಮಾ, ನಾಲ್ಕರೊಳಗೆ ಸ್ಮಶಾನ ಮುಟ್ಬೇಕು. ಪರ್ಮಿಟ್ ಇವತ್ತಿಗೆ ಮಾತ್ರ," ಮಗ ಅಕ್ಷಿತ್ ವಾಚು ತೋರಿಸಿದ. "ಹೇಗೂ ಸುಡುವ ಪೆಟ್ಟಿಗೆ. ಯಲ್ಲಾ, ಬೇಗ ಎತ್ತುವ."

"ಸುಡುವಲ್ಲಿವರೆಗೆ ಹೋಗ್ಬೇಕಲ್ಲ ಮಗಾ."

ಅಂಗಾರನ ಜೊತೆ ಇದೇ ಅಂಗಳದಲ್ಲಿ ಮೂವತ್ತು ವರ್ಷ ದೋಣಿ ರಿಪೇರಿ ಮಾಡಿದ ಬೊನಿಫಾಸ್ ಮೂಗೊರೆಸಿಕೊಂಡ. "ಖಾನನ ಕತೆಯೇ ಆಯ್ತು ಹರಿಣಾಕ್ಷಕ್ಕ. ನಲ್ವತ್ತು ಸಾವಿರ ಹಡಗು."

"ನನಗೆ ಹೇಳುವಾಗ ಒಂದು ಲಕ್ಷ ಇತ್ತು."

"ನಾಲ್ಕು ಸಾವಿರದ ನಾನೂರು," ಎಂದಳು ಅಕ್ಷಿತನ ಮಗಳು ಪ್ರಣೀತಾ. "ಐ ಚೆಕ್ಡ್. ಬಾಕಿದ್ದೆಲ್ಲ ಟ್ರೂ, ಅಜ್ಜಿ."

*

ಅವಸರ ಮಾಡುವ ಗಿರಾಕಿಗೆ ಅಂಗಾರ ವಿಧಿಸುತ್ತಿದ್ದ ಶಿಕ್ಷೆ ಆ ಕತೆ. ಜಪಾನನ್ನು ನುಂಗಲು ಕುಬ್ಲೈಖಾನ ಕಳಿಸಿದ ಹಡಗುಗಳು ಬಿರುಗಾಳಿಗೆ ಮುಳುಗಿದವು.

"ದೇವರು ಕಳಿಸಿದ ಗಾಳಿ ಅಂತಾರೆ. ಎಂತದೂ ಇಲ್ಲ ಮಾರಾಯ. ಬೇಗ ಮಾಡಿ ಅಂದ ರಾಜ, ಹೂಂ ಅಂದ್ರು ಬಡಗಿಗಳು. ಹಡಗು ಮುಳುಗಿದ್ದು ಆವಾಗ. ಗಾಳಿ ಬಂದದ್ದು ಬರೇ ನೋಡ್ಲಿಕ್ಕೆ."

ಆಮೇಲೆ ಮೊಮ್ಮಗಳ ಕೈಗೆ ಸೀಮೆಸುಣ್ಣ. ಅವಳು ದೋಣಿಯುದ್ದಕ್ಕೂ ಕುಟ್ಟುತ್ತ ಹೋಗಿ, ಸದ್ದು ಪೊಳ್ಳಾದಲ್ಲಿ ಸುತ್ತು ಹಾಕಬೇಕು.

"ಇವಳ ಕಿವಿಗೆ ಮೀನು ಸೀನಿದ್ದೂ ಕೇಳ್ತದೆ," ಎಂದು ಅಂಗಾರ ಇಡೀ ಒಮಾನಿಗೆ ಸಾರಿದ್ದ.

*

ಪ್ರಣೀತಾ ಪೆಟ್ಟಿಗೆಯ ಸುತ್ತ ಮೊಣಕಾಲೂರಿ ಕುಟ್ಟಿದಳು. "ಇಲ್ಲಿ. ಮತ್ತೆ ಅಪ್ಪಾ, ನಿನ್ನ ಕಾಲಿನ ಹತ್ರ."

ಬೊನಿಫಾಸ್ ಸ್ಕ್ರೂ ತಂದ. ಒಂದನ್ನು ಬಿಗಿದಾಗ ಗಂಟೆ ಎರಡೂಕಾಲು. ಎರಡನೆಯದನ್ನು ಸೊಟ್ಟ ಹೊಗಿಸಿ ಅವನೇ ಬಿಚ್ಚಿ ತೆಗೆದ. ಅಕ್ಷಿತ್ ವಾಚು ನೋಡಿದ, ಅದನ್ನು ಬಿಚ್ಚಿ ಜೇಬಿಗೆ ಹಾಕಿದ, ಸ್ಕ್ರೂಡ್ರೈವರಿಗೆ ಕೈ ಚಾಚಿದ.

"ಸೊಟ್ಟ ಹಿಡೀಬೇಡ," ಎಂದ ಬೊನಿಫಾಸ್. "ಅವ ಎದ್ದು ಬಂದಾನು."

ಅಕ್ಷಿತನಿಗೆ ಬೆಳಗ್ಗಿನಿಂದ ಮೊದಲ ಸಲ ನಗು ಬಂತು. ಅದರ ಬೆನ್ನಿಗೇ ಅಳುವೂ.

ಹರಿಣಾಕ್ಷಿ ಕೊನೆಯ ಸಲ ಕುಟ್ಟಿದಳು. ಪೆಟ್ಟಿಗೆ ತುಂಬಿದ ಹಂಡೆಯ ಹಾಗೆ ಓಗೊಟ್ಟಿತು. "ಖಲಾಸ್. ಈಗ ಎತ್ತಿ," ಎಂದಳು. "ಇನ್ನು ಚೀನಾದವರೆಗೆ ಹೋದ್ರೂ ಆದೀತು."

ಅಂಗಳದ ಕೊನೆಯಲ್ಲಿ ಅಂಗಾರ ಅರ್ಧಕ್ಕೆ ಬಿಟ್ಟ ದೋಣಿ ಕವುಚಿ ಬಿದ್ದಿತ್ತು. ಪೆಟ್ಟಿಗೆಯ ಜೊತೆ ನಡೆಯುತ್ತಿದ್ದ ಪ್ರಣೀತಾ ದಾಟುವಾಗ ಅದಕ್ಕೊಮ್ಮೆ ಕುಟ್ಟಿದಳು. ನಿಂತಳು. ಮತ್ತೊಮ್ಮೆ ಕುಟ್ಟಿ, ಅಲ್ಲೇ ಇದ್ದ ಸೀಮೆಸುಣ್ಣದಿಂದ ನೀಲಿ ಬಣ್ಣದ ಮೇಲೆ ಬಿಳಿಯ ಸುತ್ತೊಂದು ಹಾಕಿ, ಓಡಿಬಂದು ಅಜ್ಜಿಯ ಕೈ ಹಿಡಿದಳು.